ಹಳೆಯ ಎಸ್‌ಯುವಿಗೆ ಟ್ರೇಲರ್ ಕಟ್ಟುವ ಮುನ್ನ: ಭಾರ, ಬಿಸಿ ಮತ್ತು ಬ್ರೇಕ್‌ಗಳ ಲೆಕ್ಕ

ಬೇಸಿಗೆ ಬಂತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ದೊಡ್ಡ ಎಸ್‌ಯುವಿಗಳು ಬಿಳಿಯ ಪೆಟ್ಟಿಗೆಯಂಥ ಟ್ರೇಲರ್‌ಗಳನ್ನು ಎಳೆದುಕೊಂಡು ಸಾಗುವ ದೃಶ್ಯ ಸಾಮಾನ್ಯ. ಟ್ರಾವೆಲ್ ಟ್ರೇಲರ್ ಎಂದು ಕರೆಯಲಾಗುವ ಈ ಗಾಲಿಮನೆಯೊಳಗೆ ಮಂಚ, ಒಲೆ, ಶೌಚಾಲಯ, ನೀರಿನ ತೊಟ್ಟಿ ಎಲ್ಲವೂ ಇರುತ್ತವೆ. ಕೋವಿಡ್ ಕಾಲದಲ್ಲಿ ಹೋಟೆಲು, ವಿಮಾನಗಳನ್ನು ತೊರೆದ ಕುಟುಂಬಗಳು ಇವುಗಳ ಕಡೆಗೆ ತಿರುಗಿದ್ದರಿಂದ 2021ರಲ್ಲಿ ಅಲ್ಲಿನ ತಯಾರಕರು 6 ಲಕ್ಷಕ್ಕೂ ಹೆಚ್ಚು ವಸತಿವಾಹನಗಳನ್ನು ಮಾರುಕಟ್ಟೆಗೆ ರವಾನಿಸಿದ್ದರು. ಅದು ದಾಖಲೆ. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪಟ್ಟಣ ಈ ಉದ್ಯಮದ ಕೇಂದ್ರ.

ಅಂದು ಕೊಂಡ ಟ್ರೇಲರ್‌ಗಳಲ್ಲಿ ಹಲವು ಈಗ ಎರಡನೆಯ ಕೈಗೆ ಬರುತ್ತಿವೆ. ಅವನ್ನು ಎಳೆಯಲು ಹೊಸ ವಾಹನ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹೀಗಾಗಿ ಹದಿನೈದು, ಇಪ್ಪತ್ತು ವರ್ಷ ಹಳೆಯ ಷೆವ್ರೊಲೆ ಸಬರ್ಬನ್, ಫೋರ್ಡ್ ಎಕ್ಸ್‌ಪೆಡಿಷನ್, ಟೊಯೊಟಾ ಸಿಕ್ವೊಯಾ ಮುಂತಾದ ವಿ8 ಎಂಜಿನ್‌ನ ಎಸ್‌ಯುವಿಗಳನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಆಸೆ ಹೊರತಲ್ಲ. ಯೆಲ್ಲೊಸ್ಟೋನ್‌ಗೋ ಗ್ರ್ಯಾಂಡ್ ಕ್ಯಾನಿಯನ್‌ಗೋ ಊರಿನಿಂದ ಬಂದ ತಂದೆತಾಯಿಯರನ್ನೂ ಕರೆದುಕೊಂಡು ಅಡುಗೆಮನೆ ಸಮೇತ ಹೊರಡುವುದೆಂದರೆ ಯಾರಿಗೆ ಬೇಡ? ಆದರೆ ವಾಹನದ ಜಾಹೀರಾತಿನಲ್ಲಿ ಕಾಣುವ ‘ಎಳೆಯುವ ಸಾಮರ್ಥ್ಯ 6,500 ಪೌಂಡ್’ ಎಂಬ ಒಂದೇ ಅಂಕಿಯನ್ನು ನಂಬಿ ಹೊರಟರೆ ಕೈಸುಡುವುದು ಹಣದ ವಿಷಯದಲ್ಲಿ ಮಾತ್ರವಲ್ಲ. ಮಾರ್ಗಮಧ್ಯೆ ಜೀವಕ್ಕೇ ಸಂಚಕಾರ ಬರಬಹುದು.

ಅಂಕಿ ಯಾರದು?

ಎಳೆಯುವ ಸಾಮರ್ಥ್ಯವನ್ನು ಅಳೆಯಲು ಬಹುಕಾಲ ಸರ್ವಸಮ್ಮತ ಮಾನದಂಡವೇ ಇರಲಿಲ್ಲ. ಪ್ರತಿ ಕಂಪನಿಯೂ ತನ್ನದೇ ಪರೀಕ್ಷೆ ನಡೆಸಿ ತನ್ನದೇ ಅಂಕಿಯನ್ನು ಪ್ರಕಟಿಸುತ್ತಿತ್ತು. ಪ್ರತಿಸ್ಪರ್ಧಿಗಿಂತ ನೂರು ಪೌಂಡ್ ಹೆಚ್ಚು ತೋರಿಸುವ ಪೈಪೋಟಿಯೂ ಇತ್ತು. ಕೊನೆಗೆ ವಾಹನ ತಂತ್ರಜ್ಞರ ಸಂಸ್ಥೆಯಾದ ಎಸ್‌ಎಇ, ಜೆ2807 ಎಂಬ ಮಾನದಂಡವನ್ನು ರೂಪಿಸಿತು. ಅರಿಜೋನಾ ರಾಜ್ಯದ ಡೇವಿಸ್ ಡ್ಯಾಂ ಬಳಿಯ ಏರುದಾರಿಯನ್ನು ಇದಕ್ಕೆ ಆಧಾರವಾಗಿ ಇರಿಸಿಕೊಳ್ಳಲಾಗಿದೆ. ಸುಮಾರು 11 ಮೈಲಿಗಳಲ್ಲಿ 3,000 ಅಡಿಯಷ್ಟು ಏರುವ ಮರುಭೂಮಿಯ ರಸ್ತೆಯದು. ಸುಡು ಬಿಸಿಲಿನಲ್ಲಿ, ಎ.ಸಿ.ಯನ್ನು ಪೂರ್ತಿ ಚಾಲೂ ಮಾಡಿಕೊಂಡು, ಹೇಳಿದ ಭಾರವನ್ನು ಎಳೆಯುತ್ತ, ನಿಗದಿತ ಕನಿಷ್ಠ ವೇಗಕ್ಕಿಂತ ಕೆಳಗಿಳಿಯದೆ ವಾಹನ ಮೇಲೇರಬೇಕು. ಏನೂ ಕೆಡಬಾರದು.

ಟೊಯೊಟಾ ಕಂಪನಿ 2011ರ ಮಾದರಿಗಳಿಂದ ಇದನ್ನು ಮೊದಲಿಗೆ ಒಪ್ಪಿಕೊಂಡಿತು. ಆಗ ಅದರ ಟುಂಡ್ರಾ ಪಿಕಪ್‌ನ ಘೋಷಿತ ಸಾಮರ್ಥ್ಯ ಕೆಲವು ನೂರು ಪೌಂಡ್ ಇಳಿಯಿತು. ವಾಹನ ಅದೇ, ಅಳತೆಗೋಲು ಬದಲಾಯಿತು ಅಷ್ಟೆ. ಉಳಿದ ಪ್ರಮುಖ ಕಂಪನಿಗಳು ಇದೇ ಹಾದಿಗೆ ಬರಲು ಆ ದಶಕದ ಮಧ್ಯಭಾಗದವರೆಗೂ ಸಮಯ ಹಿಡಿಯಿತು. ಅಂದರೆ ಇಂದು ಕಡಿಮೆ ಬೆಲೆಗೆ ಸಿಗುವ 2000ರ ದಶಕದ ಎಸ್‌ಯುವಿಗಳ ಅಂಕಿಗಳೆಲ್ಲ ಹಳೆಯ ಅಳತೆಯವು. ಅವೂ ಹೊಚ್ಚಹೊಸ ವಾಹನಕ್ಕೆ ಹೇಳಿದವು. ಎರಡು ಲಕ್ಷ ಕಿಲೊಮೀಟರ್ ಓಡಿ, ನಾಲ್ಕಾರು ಒಡೆಯರನ್ನು ಕಂಡ ಗಾಡಿಗೆ ಹೇಳಿದ್ದಲ್ಲ.

ಒಂದೇ ಹೆಸರಿನ ಎರಡು ವಾಹನಗಳ ನಡುವೆಯೂ ವ್ಯತ್ಯಾಸವಿರುತ್ತದೆ. ಹಿಂದಿನ ಆ್ಯಕ್ಸಲ್‌ನ ಗೇರ್ ಅನುಪಾತ ಇದಕ್ಕೆ ಕಾರಣ. ಜನರಲ್ ಮೋಟಾರ್ಸ್‌ನ ಅಂದಿನ ಸಬರ್ಬನ್, ತಾಹೋಗಳ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಸಂಕೇತಗಳ ಚೀಟಿಯೊಂದನ್ನು ಅಂಟಿಸಿರುತ್ತಾರೆ. ಅದರಲ್ಲಿ ಜಿಯು6 ಎಂದಿದ್ದರೆ ಅನುಪಾತ 3.42, ಜಿಟಿ4 ಎಂದಿದ್ದರೆ 3.73, ಜಿಟಿ5 ಎಂದಿದ್ದರೆ 4.10. ಅಂಕಿ ದೊಡ್ಡದಾದಷ್ಟೂ ಪೆಟ್ರೋಲ್ ಖರ್ಚು ಹೆಚ್ಚು, ಆದರೆ ಎಳೆಯುವ ಶ್ರಮ ಕಡಿಮೆ. ಟ್ರೇಲರ್ ಕಟ್ಟುವವರು 3.73ಕ್ಕಿಂತ ಕಡಿಮೆಯದನ್ನು ಕೊಳ್ಳದಿರುವುದೇ ಲೇಸು. ಮಾರುವಾತನಿಗೆ ಈ ಚೀಟಿಯ ಅರ್ಥ ಗೊತ್ತಿರುವುದು ಅಪರೂಪ. ಕೊಳ್ಳುವವನು ಅದರ ಛಾಯಾಚಿತ್ರ ತರಿಸಿಕೊಂಡರೆ ಅರ್ಧ ಸಂಶಯ ಪರಿಹಾರವಾಗುತ್ತದೆ.

ಮೂಕಿಭಾರದ ಗಣಿತ

ಎತ್ತಿನ ಗಾಡಿ ಕಂಡವರಿಗೆ ಟ್ರೇಲರ್‌ನ ತತ್ವವನ್ನು ವಿವರಿಸಬೇಕಿಲ್ಲ. ಹೇರನ್ನು ಹಿಂದಕ್ಕೆ ಹೆಚ್ಚಾಗಿ ಹಾಕಿದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ; ಮುಂದಕ್ಕೆ ಹೆಚ್ಚಾದರೆ ನೊಗ ಹೆಗಲನ್ನು ಜಜ್ಜುತ್ತದೆ. ಟ್ರೇಲರ್‌ನ ಮೂಕಿಯೂ ಅಷ್ಟೆ. ಅದು ಎಳೆಯುವ ವಾಹನದ ಹಿಚ್‌ನ ಮೇಲೆ ಕೆಳಮುಖವಾಗಿ ಒಂದಿಷ್ಟು ಭಾರವನ್ನು ಹೇರುತ್ತದೆ. ಈ ಮೂಕಿಭಾರ ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟಿರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ನಾಯಿಯ ಬಾಲದಂತೆ ಅತ್ತಿತ್ತ ಓಲಾಡತೊಡಗಿ, ಕ್ಷಣಾರ್ಧದಲ್ಲಿ ಇಡೀ ವಾಹನವನ್ನೇ ಮಗುಚಿಹಾಕಬಲ್ಲದು. ಹೆಚ್ಚಾದರೆ ವಾಹನದ ಹಿಂಭಾಗ ಕುಸಿದು ಮುಂದಿನ ಚಕ್ರಗಳು ನೆಲದ ಹಿಡಿತ ಕಳೆದುಕೊಳ್ಳುತ್ತವೆ. ಮಂಡ್ಯದಲ್ಲೋ ಬೆಳಗಾವಿಯಲ್ಲೋ ಕಬ್ಬಿನ ಹೇರು ಎಳೆಯುವ ಟ್ರ್ಯಾಕ್ಟರ್ ಮುಂಗಾಲೆತ್ತಿ ನಿಂತಿರುವುದನ್ನು ನೋಡಿದವರು ಆ ಸ್ಥಿತಿಯ ಅತಿರೇಕವನ್ನೇ ನೋಡಿದ್ದಾರೆ.

ಬಹುತೇಕರು ಎಡವುವುದು ಇಲ್ಲಿಯೇ. ಮೂಕಿಭಾರವನ್ನು ಹೊರುವುದು ವಾಹನದ ಸ್ಪ್ರಿಂಗು, ಟೈರು, ಆ್ಯಕ್ಸಲ್‌ಗಳು. ಆದುದರಿಂದ ಅದು ಎಳೆಯುವ ಸಾಮರ್ಥ್ಯದ ಲೆಕ್ಕಕ್ಕಲ್ಲದೆ ಹೊರುವ ಸಾಮರ್ಥ್ಯದ ಲೆಕ್ಕಕ್ಕೂ ಸೇರುತ್ತದೆ. 2000ರ ದಶಕದ ಮಧ್ಯದಿಂದೀಚಿನ ಅಮೆರಿಕದ ವಾಹನಗಳಲ್ಲಿ ಚಾಲಕನ ಬಾಗಿಲಿನ ಬಳಿಯ ಚೀಟಿಯ ಮೇಲೆ, ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಕೂಡದು ಎಂದು ಮುದ್ರಿಸಿರುತ್ತಾರೆ. ನಿಜವಾದ ಮಿತಿ ಬಹುಪಾಲು ಸಂದರ್ಭಗಳಲ್ಲಿ ಆ ಚೀಟಿಯಲ್ಲಿದೆ.

ಉದಾಹರಣೆಗೆ ಒಂದು ಲೆಕ್ಕ ಮಾಡೋಣ. ವಾಹನದ ಎಳೆಯುವ ಸಾಮರ್ಥ್ಯ 6,500 ಪೌಂಡ್, ಅಂದರೆ ಸುಮಾರು 2,950 ಕಿಲೊ. ಚೀಟಿಯಲ್ಲಿರುವ ಹೊರುವ ಮಿತಿ 1,400 ಪೌಂಡ್, ಅಂದರೆ 635 ಕಿಲೊ. ಕರಪತ್ರದಲ್ಲಿ ಟ್ರೇಲರ್‌ನ ತೂಕ 2,000 ಕಿಲೊ ಎಂದಿದೆ. ಆದರೆ ಅದು ಒಣ ತೂಕ. ನೀರು 150 ಲೀಟರ್ ತುಂಬಿದರೆ ಅದೇ 150 ಕಿಲೊ. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಪಾತ್ರೆ, ಹಾಸಿಗೆ, ಅಕ್ಕಿಬೇಳೆಗಳೆಲ್ಲ ಸೇರಿದಾಗ ಟ್ರೇಲರ್ 2,450 ಕಿಲೊ ತೂಗುತ್ತದೆ ಎಂದಿಟ್ಟುಕೊಳ್ಳಿ. 2,950ರ ಮಿತಿಗೆ ಇನ್ನೂ 500 ಕಿಲೊ ಬಾಕಿಯಿದೆಯೆಂದು ಒಡೆಯ ನಿಶ್ಚಿಂತನಾಗಿರುತ್ತಾನೆ. ಈಗ ಇನ್ನೊಂದು ಲೆಕ್ಕ ನೋಡಿ. ಐವರ ತೂಕ 340 ಕಿಲೊ. ಡಿಕ್ಕಿಯಲ್ಲಿಟ್ಟ ಸಾಮಾನು 90. ಶೇ 13ರಂತೆ ಮೂಕಿಭಾರ 318. ಹಿಚ್‌ನ ಉಕ್ಕಿನ ಸಲಕರಣೆಯದೇ 40. ಒಟ್ಟು 788 ಕಿಲೊ. ಮಿತಿಗಿಂತ 153 ಕಿಲೊ ಅಧಿಕ! ಎಳೆಯುವ ಲೆಕ್ಕದಲ್ಲಿ ಉತ್ತೀರ್ಣವಾದ ಗಾಡಿ ಹೊರುವ ಲೆಕ್ಕದಲ್ಲಿ ಅನುತ್ತೀರ್ಣ.

ಭಾರ ಹಂಚುವ ಹಿಚ್ ಎಂಬ ಸಾಧನ ಇದಕ್ಕೆ ಪರಿಹಾರವೆಂದು ಮಾರಾಟಗಾರರು ಹೇಳುವುದುಂಟು. ಸ್ಪ್ರಿಂಗ್ ಸರಳುಗಳ ಬಲದಿಂದ ಅದು ಹಿಂದಿನ ಆ್ಯಕ್ಸಲ್‌ನ ಭಾರದಲ್ಲಿ ಒಂದು ಪಾಲನ್ನು ಮುಂದಿನ ಚಕ್ರಗಳಿಗೂ ಟ್ರೇಲರ್‌ನ ಚಕ್ರಗಳಿಗೂ ವರ್ಗಾಯಿಸುತ್ತದೆ. ಮಧ್ಯಮ ಗಾತ್ರದ ಟ್ರೇಲರ್‌ಗೂ ಅದು ಅತ್ಯಗತ್ಯವೇ ಸರಿ. ಆದರೆ ವಾಹನದ ಮಿತಿಯನ್ನು ಅದು ಒಂದು ಕಿಲೊದಷ್ಟೂ ಹಿಗ್ಗಿಸುವುದಿಲ್ಲ. ಹಿಚ್‌ನ ಮೇಲೆಯೇ ಇನ್ನೊಂದು ಚೀಟಿ ಇರುತ್ತದೆ. ಅದರ ಮಿತಿ ವಾಹನದ ಮಿತಿಗಿಂತ ಕಡಿಮೆಯಿದ್ದರೆ ಕಡಿಮೆಯದೇ ಅನ್ವಯ. ತುಕ್ಕು ತಿಂದ ಹಿಚ್‌ಗೆ ಯಾವ ಚೀಟಿಯೂ ಅನ್ವಯಿಸುವುದಿಲ್ಲ. ಅದನ್ನು ಬದಲಿಸಬೇಕು.

ಗೇರ್‌ಬಾಕ್ಸ್‌ನ ಜ್ವರ

ಟ್ರೇಲರ್ ಎಳೆಯುವ ಹಳೆಯ ವಾಹನದಲ್ಲಿ ಮೊದಲು ಸಾಯುವುದು ಎಂಜಿನ್ ಅಲ್ಲ, ಸ್ವಯಂಚಾಲಿತ ಗೇರ್‌ಬಾಕ್ಸ್. ಅದನ್ನು ಕೊಲ್ಲುವುದು ಶಾಖ.

ಕ್ಲಚ್ ಪೆಡಲ್ ಇಲ್ಲದ ಈ ವಾಹನಗಳಲ್ಲಿ ಎಂಜಿನ್‌ನ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವುದು ಟಾರ್ಕ್ ಕನ್ವರ್ಟರ್. ಅದರೊಳಗೆ ಎದುರುಬದುರಾಗಿರುವ ಎರಡು ಪಂಖಗಳ ನಡುವೆ ತೈಲವೇ ಸೇತುವೆ. ಭಾರ ಹೆಚ್ಚಿದಾಗ, ಏರು ಹತ್ತುವಾಗ ಎರಡು ಪಂಖಗಳ ವೇಗದಲ್ಲಿ ಅಂತರ ಬೀಳುತ್ತದೆ. ಆ ಅಂತರವೆಲ್ಲ ತೈಲದಲ್ಲಿ ಶಾಖವಾಗಿ ಮಾರ್ಪಡುತ್ತದೆ. ಸಾಮಾನ್ಯ ಓಡಾಟದಲ್ಲಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಇರುವ ತೈಲ ಟ್ರೇಲರ್‌ನೊಂದಿಗೆ ಏರು ಹತ್ತುವಾಗ 120ನ್ನು ದಾಟಿದರೆ ಅಪಾಯ ಆರಂಭವಾದಂತೆ. ತೈಲ ಕಪ್ಪಾಗುತ್ತದೆ, ಅಂಟಾಗುತ್ತದೆ, ರಬ್ಬರ್ ಸೀಲ್‌ಗಳು ಗಡುಸಾಗುತ್ತವೆ, ಒಳಗಿನ ಕ್ಲಚ್ ತಟ್ಟೆಗಳು ಜಾರುತ್ತವೆ, ಜಾರಿದ್ದರಿಂದ ಮತ್ತಷ್ಟು ಬಿಸಿ. ಹತ್ತು ಡಿಗ್ರಿ ಏರಿದರೆ ತೈಲದ ಆಯುಸ್ಸು ಅರ್ಧಕ್ಕಿಳಿಯುತ್ತದೆಂದು ಮೆಕ್ಯಾನಿಕ್‌ಗಳು ಹೇಳುವ ಮಾತು ಅಂದಾಜಿನದೇ ಆದರೂ ಅದು ತೋರಿಸುವ ದಿಕ್ಕು ಸರಿಯಾದುದು.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಸರಳ. ಅಳತೆಕಡ್ಡಿ ಇರುವ ವಾಹನದಲ್ಲಿ ಅದನ್ನು ಎಳೆದು ಬಿಳಿಯ ಕಾಗದದ ಮೇಲೆ ಒರೆಸಿ ನೋಡಬೇಕು. ತೈಲ ಕೆಂಪಗಿದ್ದರೆ ಒಳ್ಳೆಯದು. ಕಂದು ಬಣ್ಣವಾದರೆ ಬದಲಾವಣೆ ತಡವಾಗಿದೆ. ಸುಟ್ಟ ವಾಸನೆ ಬಂದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಹಿಂದಿರುಗುವುದು ಒಳಿತು. ಕೊಂಡ ಮೇಲೆ, ಹಿಂದಿನ ಒಡೆಯ ಏನೇ ಹೇಳಲಿ, ತೈಲವನ್ನು ಫಿಲ್ಟರ್ ಸಹಿತ ಬದಲಿಸುವುದು ಮೊದಲ ಕೆಲಸ. ಬಹುಕಾಲ ಬದಲಿಸದ ತೈಲವನ್ನು ಯಂತ್ರದ ಒತ್ತಡದಿಂದ ಒಮ್ಮೆಗೇ ತೊಳೆಸುವ ಬದಲು ಕೆಳಗಿನಿಂದ ಇಳಿಸಿ, ಹೊಸದನ್ನು ತುಂಬಿ, ಸ್ವಲ್ಪ ಓಡಿಸಿ ಮತ್ತೊಮ್ಮೆ ಅದನ್ನೇ ಮಾಡುವುದು ಸುರಕ್ಷಿತ ಕ್ರಮ. ಬಳಿಕ ಎಳೆಯುವ ವಾಹನಕ್ಕೆ ಸುಮಾರು 50,000 ಕಿಲೊಮೀಟರ್‌ಗೊಮ್ಮೆ ಬದಲಾವಣೆ ಸಾಕು.

ಎರಡನೆಯದು ಪ್ರತ್ಯೇಕ ತೈಲ ಶೀತಕ. ರೇಡಿಯೇಟರ್‌ನ ಮುಂದೆ ಕೂರಿಸುವ ಈ ಸಣ್ಣ ಜಾಲರಿಗೆ ನೂರಿನ್ನೂರು ಡಾಲರ್ ಬೀಳಬಹುದು. ಗೇರ್‌ಬಾಕ್ಸ್ ಪುನರ್ನಿರ್ಮಾಣಕ್ಕೆ ಕೆಲವು ಸಾವಿರ ಡಾಲರ್ ತೆರಬೇಕು. ಎಷ್ಟೋ ಸಂದರ್ಭದಲ್ಲಿ ಅದು ಆ ಹಳೆಯ ವಾಹನದ ಬೆಲೆಯನ್ನೇ ಮೀರುತ್ತದೆ. ಮೂರನೆಯದು ತಾಪಮಾಪಕ. 1996ರಿಂದೀಚೆಗೆ ಅಮೆರಿಕದಲ್ಲಿ ಮಾರಾಟವಾದ ಎಲ್ಲ ಕಾರುಗಳಲ್ಲಿಯೂ ಸ್ಟಿಯರಿಂಗ್‌ನ ಕೆಳಗೆ ಗಣಕ ಸಂಪರ್ಕದ ಕಿಂಡಿಯಿದೆ. ಅಲ್ಲಿಗೆ ಚುಚ್ಚುವ ಪುಟ್ಟ ಬ್ಲೂಟೂತ್ ಸಾಧನ, ಎಷ್ಟೋ ಮಾದರಿಗಳಲ್ಲಿ, ಗೇರ್‌ಬಾಕ್ಸ್‌ನ ತಾಪವನ್ನು ಮೊಬೈಲ್ ಪರದೆಯ ಮೇಲೆ ತೋರಿಸುತ್ತದೆ. ಜ್ವರ ಬಂದಿದೆಯೆಂದು ತಿಳಿದರೆ ಓವರ್‌ಡ್ರೈವ್ ತೆಗೆದು ಕೆಳಗಿನ ಗೇರ್‌ಗೆ ಇಳಿಯಬಹುದು, ರಸ್ತೆಬದಿಯಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು ತಣಿಸಬಹುದು. ಬಿಸಿಯ ಸುಳಿವೇ ಇಲ್ಲದ ಚಾಲಕ ದೀಪ ಹೊತ್ತಿಕೊಂಡಾಗಲಷ್ಟೇ ಎಚ್ಚರಗೊಳ್ಳುತ್ತಾನೆ. ಅಷ್ಟರಲ್ಲಿ ಹಾನಿ ಆಗಿರುತ್ತದೆ.

ರೇಡಿಯೇಟರ್ ಹೇಗೆ ಗೇರ್‌ಬಾಕ್ಸನ್ನು ಬಲಿ ತೆಗೆದುಕೊಳ್ಳಬಲ್ಲದು ಎಂಬುದಕ್ಕೆ ನಿಸ್ಸಾನ್‌ನ ಪಾತ್‌ಫೈಂಡರ್ ಮತ್ತು ಎಕ್ಸ್‌ಟೆರಾ ಪ್ರಕರಣ ಪ್ರಸಿದ್ಧ ನಿದರ್ಶನ. 2005ರಿಂದ 2010ರವರೆಗಿನ ಈ ಮಾದರಿಗಳಲ್ಲಿ ರೇಡಿಯೇಟರ್‌ನೊಳಗೇ ಅಡಗಿರುವ ತೈಲ ಶೀತಕ ಬಿರುಕು ಬಿಟ್ಟು, ಕೂಲಂಟ್ ಮತ್ತು ಗೇರ್‌ಬಾಕ್ಸ್ ತೈಲ ಬೆರೆತುಹೋಗುತ್ತಿದ್ದವು. ಮುಚ್ಚಳ ತೆರೆದರೆ ಗುಲಾಬಿ ಬಣ್ಣದ ಮಂದ ದ್ರವ. ಅದನ್ನು ಅಲ್ಲಿನ ಜನ ಸ್ಟ್ರಾಬೆರಿ ಮಿಲ್ಕ್‌ಶೇಕ್ ಎಂದು ಕಹಿಯಾಗಿ ಕರೆದರು. ನೀರು ಸೇರಿದ ಗೇರ್‌ಬಾಕ್ಸ್ ಬಹುಕಾಲ ಬಾಳದು. ದಾವೆಗಳಾದವು, ಕಂಪನಿ ರೇಡಿಯೇಟರ್‌ನ ವಾರಂಟಿಯನ್ನು ವಿಸ್ತರಿಸಿತು. ಆ ಅವಧಿಯೂ ಈಗ ಮುಗಿದಿದೆ. ಇಂಥ ವಾಹನ ಕೊಂಡವರು ಹಳೆಯ ರೇಡಿಯೇಟರನ್ನು ಮುಲಾಜಿಲ್ಲದೆ ಬದಲಿಸಬೇಕು.

ಎಂಜಿನ್‌ನ ತಣಿವಿನ ವ್ಯವಸ್ಥೆಯಲ್ಲಿ ಹೋಸ್‌ಪೈಪು, ಥರ್ಮೊಸ್ಟಾಟ್, ನೀರಿನ ಪಂಪುಗಳ ಜತೆಗೆ ಯಾರೂ ಗಮನಿಸದ ಒಂದು ಭಾಗವಿದೆ. ಅದು ಫ್ಯಾನ್ ಕ್ಲಚ್. ಒಳಗಿರುವ ಸಿಲಿಕೋನ್ ದ್ರವ ಬಿಸಿಯಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿದು ಜೋರಾಗಿ ತಿರುಗಿಸುತ್ತದೆ. ದ್ರವ ಸೋರಿಹೋದರೆ ಫ್ಯಾನ್ ಸೋಮಾರಿಯಾಗುತ್ತದೆ. ಪಟ್ಟಣದ ಓಡಾಟದಲ್ಲಿ ಇದು ತಿಳಿಯುವುದೇ ಇಲ್ಲ. ಟ್ರೇಲರ್ ಕಟ್ಟಿ ಮೊದಲ ಘಾಟಿ ಹತ್ತಿದಾಗ ತಾಪದ ಮುಳ್ಳು ಕೆಂಪು ಗೆರೆಯತ್ತ ಓಡುತ್ತದೆ.

ಒಂದೊಂದಕ್ಕೂ ಒಂದೊಂದು ರೋಗ

ಯಾವ ಹಳೆಯ ವಾಹನವೂ ನಿರೋಗಿಯಲ್ಲ. ಸಮಾಧಾನದ ಸಂಗತಿಯೆಂದರೆ, ರೋಗ ಯಾವುದೆಂದು ಇಷ್ಟು ವರ್ಷಗಳಲ್ಲಿ ಎಲ್ಲರಿಗೂ ತಿಳಿದುಹೋಗಿದೆ.

ಸಿಕ್ವೊಯಾದ ಮೊದಲ ಪೀಳಿಗೆ 2001ರಿಂದ 2007ರವರೆಗಿನದು. ಅದರ 4.7 ಲೀಟರ್ ವಿ8 ಎಂಜಿನ್ ದೀರ್ಘಾಯುಷಿ ಎಂದು ಹೆಸರಾಗಿದೆ. ಆದರೆ 90,000 ಮೈಲಿಗೊಮ್ಮೆ, ಎಂದರೆ ಸುಮಾರು 1.45 ಲಕ್ಷ ಕಿಲೊಮೀಟರ್‌ಗೆ, ಟೈಮಿಂಗ್ ಬೆಲ್ಟ್ ಬದಲಿಸಲೇಬೇಕು. ಅದೇ ಕೈಯಲ್ಲಿ ನೀರಿನ ಪಂಪನ್ನೂ ಬದಲಿಸುವುದು ರೂಢಿ. ಬದಲಿಸಿದ ರಸೀದಿ ಇಲ್ಲವೆಂದರೆ ಬದಲಿಸಿಲ್ಲವೆಂದೇ ಭಾವಿಸಿ ಬೆಲೆ ಕಟ್ಟಬೇಕು. ಮುಂದಿನ ಚಕ್ರಗಳ ಕೆಳ ಬಾಲ್ ಜಾಯಿಂಟ್‌ಗಳ ದೋಷಕ್ಕಾಗಿ 2007ರಲ್ಲಿ ಕಂಪನಿ ಈ ವಾಹನಗಳಲ್ಲಿ ಕೆಲವನ್ನು ಹಿಂದಕ್ಕೆ ಕರೆಸಿ ದುರಸ್ತಿ ಮಾಡಿಕೊಟ್ಟಿತ್ತು. ಆ ಕೆಲಸ ಆಗಿದೆಯೇ ಎಂಬುದನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎಯ ತಾಣದಲ್ಲಿ ಚಾಸಿ ಸಂಖ್ಯೆ ನೀಡಿ ಪರಿಶೀಲಿಸಬಹುದು; ಬಹಳ ಹಳೆಯ ಕರೆಗಳು ಅಲ್ಲಿ ಕಾಣದಿದ್ದರೆ ಡೀಲರ್‌ನನ್ನು ಕೇಳಬೇಕು.

ಎಕ್ಸ್‌ಪೆಡಿಷನ್‌ನ 5.4 ಲೀಟರ್ ಎಂಜಿನ್‌ನದು ಸ್ಪಾರ್ಕ್ ಪ್ಲಗ್‌ನ ಕಥೆ. ಹಳೆಯ ಎರಡು ಕವಾಟದ ಎಂಜಿನ್‌ನಲ್ಲಿ ಪ್ಲಗ್ ಹಿಡಿಯುವ ಮರೆಗಳೇ ಕಡಿಮೆಯಿದ್ದು, ಓಡುವಾಗಲೇ ಪ್ಲಗ್ ಹೊರಕ್ಕೆ ಸಿಡಿದ ನಿದರ್ಶನಗಳಿವೆ. ಮುಂದೆ ಬಂದ ಮೂರು ಕವಾಟದ ಎಂಜಿನ್‌ನಲ್ಲಿ ಇದಕ್ಕೆ ತದ್ವಿರುದ್ಧ: ಪ್ಲಗ್ ಹೊರಬರುವುದೇ ಇಲ್ಲ. ಇಂಗಾಲ ಹಿಡಿದು ಕೂತ ಅದು ಬಿಚ್ಚುವಾಗ ಅರ್ಧಕ್ಕೆ ಮುರಿದು ಒಳಗೇ ಉಳಿಯುತ್ತದೆ. ಒಂದು ರೋಗಕ್ಕೆ ಕಂಡುಕೊಂಡ ಮದ್ದೇ ಇನ್ನೊಂದು ರೋಗವಾದದ್ದು ವಿಪರ್ಯಾಸ. ಇದೇ ಎಂಜಿನ್‌ನ ಕ್ಯಾಂ ಫೇಸರ್‌ಗಳು ತೈಲದ ಒತ್ತಡವನ್ನೇ ನೆಚ್ಚಿಕೊಂಡಿರುವುದರಿಂದ, ಎಂಜಿನ್ ಆಯಿಲ್ ಬದಲಾವಣೆಯಲ್ಲಿ ಉದಾಸೀನ ಮಾಡಿದ ಒಡೆಯನ ಪಾಪವನ್ನು ಮುಂದಿನ ಒಡೆಯ ಅನುಭವಿಸಬೇಕಾಗುತ್ತದೆ. ಬಿಸಿಯಾದ ಬಳಿಕ ನಿಂತಲ್ಲೇ ಟಕಟಕ ಸದ್ದು ಬಂದರೆ ಅದೇ ಸೂಚನೆ.

ಷೆವ್ರೊಲೆಯ 2000ದಿಂದ 2006ರವರೆಗಿನ 5.3 ಲೀಟರ್ ಎಂಜಿನ್ ಸರಳ, ಗಟ್ಟಿ. ಜತೆಗಿರುವ 4ಎಲ್60-ಇ ಗೇರ್‌ಬಾಕ್ಸ್ ಅಷ್ಟು ಗಟ್ಟಿಯಲ್ಲ. ಭಾರದ ಕೆಲಸಕ್ಕೆಂದೇ 6 ಲೀಟರ್ ಎಂಜಿನ್, 4ಎಲ್80-ಇ ಗೇರ್‌ಬಾಕ್ಸ್ ಜೋಡಿಸಿದ ಸಬರ್ಬನ್ 2500 ಎಂಬ ಬಗೆಯೂ ಇತ್ತು. ಅದು ಸಿಕ್ಕರೆ ಬಿಡಬಾರದು ಎನ್ನುವುದು ಈ ವರದಿಗಾರನ ಅಭಿಪ್ರಾಯ. ಪೆಟ್ರೋಲ್ ಕುಡಿಯುವುದರಲ್ಲಿ ಅದಕ್ಕೆ ಸಾಟಿಯಿಲ್ಲವೆಂಬುದೂ ನಿಜ. 2007ರ ನಂತರದ 5.3 ಎಂಜಿನ್‌ಗಳಲ್ಲಿ ಇಂಧನ ಉಳಿಸಲು ನಾಲ್ಕು ಸಿಲಿಂಡರ್‌ಗಳನ್ನು ತಾತ್ಕಾಲಿಕವಾಗಿ ಮಲಗಿಸುವ ವ್ಯವಸ್ಥೆ ಬಂತು. ಅದರ ಲಿಫ್ಟರ್‌ಗಳು ಕೈಕೊಡುವುದು ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ.

ಇವೆಲ್ಲಕ್ಕಿಂತ ಗಂಭೀರವಾದುದು ತುಕ್ಕು. ಮಿಷಿಗನ್, ಒಹಾಯೊ, ನ್ಯೂಯಾರ್ಕ್‌ನಂಥ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಅದು ವಾಹನದ ಅಡಿಯಲ್ಲಿರುವ ಉಕ್ಕಿನ ಬ್ರೇಕ್ ನಳಿಕೆಗಳನ್ನು ತಿನ್ನುತ್ತದೆ. ಜನರಲ್ ಮೋಟಾರ್ಸ್‌ನ 1999ರಿಂದ 2003ರ ಅವಧಿಯ ಸುಮಾರು 50 ಲಕ್ಷ ಪಿಕಪ್ ಹಾಗೂ ಎಸ್‌ಯುವಿಗಳ ಬ್ರೇಕ್ ನಳಿಕೆಗಳ ಬಗ್ಗೆ ಎನ್‌ಎಚ್‌ಟಿಎಸ್‌ಎ ವರ್ಷಗಟ್ಟಲೆ ತನಿಖೆ ನಡೆಸಿತು. 2015ರಲ್ಲಿ ತನಿಖೆಯನ್ನು ಮುಕ್ತಾಯಗೊಳಿಸಿ, ವಾಹನಗಳನ್ನು ಹಿಂದಕ್ಕೆ ಕರೆಸುವ ಬದಲು ಅಡಿಭಾಗವನ್ನು ತೊಳೆಯಿರಿ, ನಳಿಕೆಗಳನ್ನು ಪರೀಕ್ಷಿಸಿ ಎಂದು ಸಾರ್ವಜನಿಕರಿಗೆ ಸಲಹೆ ನೀಡಿತು. ಅರ್ಥಾತ್ ಹೊಣೆ ಒಡೆಯನದೇ. ಅರಿಜೋನಾ, ಟೆಕ್ಸಾಸ್‌ನಂಥ ಒಣ ರಾಜ್ಯಗಳ ವಾಹನಕ್ಕೆ ಹೆಚ್ಚು ಬೆಲೆ ತೆತ್ತರೂ ನಷ್ಟವಿಲ್ಲ. ಆದರೆ 2017ರಲ್ಲಿ ಹ್ಯೂಸ್ಟನ್ ನಗರವನ್ನು ಮುಳುಗಿಸಿದ ಹಾರ್ವಿ ಚಂಡಮಾರುತದಂಥ ಪ್ರವಾಹಗಳಲ್ಲಿ ನೆನೆದ ವಾಹನ ಅಲ್ಲವೆಂದು ದಾಖಲೆ ನೋಡಿ ಖಾತ್ರಿಪಡಿಸಿಕೊಳ್ಳಬೇಕು.

ಇಳಿಜಾರಿನ ಪರೀಕ್ಷೆ

ಹತ್ತುವುದು ಎಂಜಿನ್‌ಗೆ ಕಷ್ಟ. ಇಳಿಯುವುದು ಜೀವಕ್ಕೆ ಕಷ್ಟ.

ಕೊಲರಾಡೊ ರಾಜ್ಯದ 70ನೇ ಅಂತರರಾಜ್ಯ ಹೆದ್ದಾರಿಯಲ್ಲಿರುವ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ 11,158 ಅಡಿ ಎತ್ತರದಲ್ಲಿದೆ. ಟರ್ಬೊ ಇಲ್ಲದ ಹಳೆಯ ಎಂಜಿನ್ ಆ ತೆಳುಗಾಳಿಯಲ್ಲಿ ತನ್ನ ಶಕ್ತಿಯ ಸುಮಾರು ಮೂರನೇ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಸುರಂಗದ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಪಟ್ಟಣದವರೆಗೆ ಸುಮಾರು 13 ಕಿಲೊಮೀಟರ್‌ನಲ್ಲಿ ರಸ್ತೆ 700 ಮೀಟರ್‌ನಷ್ಟು ಇಳಿಯುತ್ತದೆ. ವಾಹನ, ಟ್ರೇಲರ್ ಎರಡೂ ಸೇರಿ 5,000 ಕಿಲೊ ತೂಗಿದರೆ ಈ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 9.5 ಯೂನಿಟ್ ವಿದ್ಯುತ್ತಿಗೆ ಸಮ. ಮನೆಯ ಎರಡು ಕಿಲೊವ್ಯಾಟ್ ಗೀಸರ್ ನಾಲ್ಕೂವರೆ ಗಂಟೆಗೂ ಹೆಚ್ಚು ಕಾಲ ಉರಿದಷ್ಟು! ಇದು ಹನ್ನೆರಡು, ಹದಿಮೂರು ನಿಮಿಷಗಳಲ್ಲಿ ಎಲ್ಲಿಗಾದರೂ ಹೋಗಬೇಕು. ಗಾಳಿಯ ಪ್ರತಿರೋಧ ಒಂದು ಪಾಲನ್ನು ನುಂಗುತ್ತದೆ. ಉಳಿದುದನ್ನು ಎಂಜಿನ್ ತಡೆಹಿಡಿಯದಿದ್ದರೆ ಬ್ರೇಕ್‌ಗಳೇ ನುಂಗಬೇಕು.

ಬ್ರೇಕ್ ದ್ರವ ಗಾಳಿಯ ತೇವಾಂಶವನ್ನು ಹೀರುವ ಗುಣವುಳ್ಳದ್ದು. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದು. ನೀರು ಹೀರಿಕೊಂಡ ಹಳೆಯದಕ್ಕೆ ಈ ಕನಿಷ್ಠ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದು ನಳಿಕೆಯಲ್ಲಿ ಆವಿ ತುಂಬಿದರೆ ಪೆಡಲ್ ನೆಲ ಮುಟ್ಟುತ್ತದೆ, ವಾಹನ ನಿಲ್ಲುವುದಿಲ್ಲ. ಪ್ಯಾಡು, ಡಿಸ್ಕುಗಳ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ಅಗ್ಗದ ದ್ರವವನ್ನು ಕೇಳುವವರು ವಿರಳ.

ಚಾರ್ಮಾಡಿ, ಆಗುಂಬೆ ಘಾಟಿಗಳ ಲಾರಿ ಚಾಲಕರು ಯಾವ ಗೇರ್‌ನಲ್ಲಿ ಹತ್ತುತ್ತಾರೋ ಅದೇ ಗೇರ್‌ನಲ್ಲಿ ಇಳಿಯುತ್ತಾರೆ. ಕೊಲರಾಡೊಗೂ ಅದೇ ಸೂತ್ರ. ಇಳಿಜಾರು ಆರಂಭವಾಗುವ ಮುನ್ನವೇ ವೇಗ ತಗ್ಗಿಸಿ, ಸ್ವಯಂಚಾಲಿತ ಗೇರ್‌ನ ಕಡ್ಡಿಯನ್ನು ಎರಡಕ್ಕೋ ಮೂರಕ್ಕೋ ಎಳೆದು, ಎಂಜಿನ್ ಗರ್ಜಿಸಲು ಬಿಡಬೇಕು. ಬ್ರೇಕನ್ನು ಸದಾ ಒತ್ತಿಕೊಂಡಿರದೆ, ಒಮ್ಮೆ ದೃಢವಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಬೇಕು.

ಟ್ರೇಲರ್‌ಗೆ ತನ್ನದೇ ವಿದ್ಯುತ್ ಬ್ರೇಕ್ ಇರುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ 3,000 ಪೌಂಡ್ ಮೀರಿದ ಟ್ರೇಲರ್‌ಗೆ ಇದು ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಮಿತಿ 1,500 ಪೌಂಡ್. ಅದನ್ನು ನಿಯಂತ್ರಿಸಲು ಚಾಲಕನ ಮುಂದೆ ಬ್ರೇಕ್ ಕಂಟ್ರೋಲರ್ ಬೇಕು. ಹಳೆಯ ಎಸ್‌ಯುವಿಗಳಲ್ಲಿ ಇದನ್ನು ಪ್ರತ್ಯೇಕವಾಗಿ ಹಾಕಿಸಬೇಕಾಗುತ್ತದೆ. ವಾಹನ ಎಷ್ಟು ವೇಗವಾಗಿ ನಿಧಾನಗೊಳ್ಳುತ್ತಿದೆಯೋ ಅದಕ್ಕೆ ತಕ್ಕಷ್ಟೇ ಟ್ರೇಲರ್‌ನ ಬ್ರೇಕ್ ಹಿಡಿಯುವ ಬಗೆಯನ್ನೇ ಆರಿಸಬೇಕು. ಟ್ರೇಲರ್ ಓಲಾಡತೊಡಗಿದಾಗ ಬ್ರೇಕ್ ಪೆಡಲ್ ಒತ್ತುವುದು ಮನುಷ್ಯಸಹಜ, ಆದರೆ ಅದು ತಪ್ಪು. ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಕಂಟ್ರೋಲರ್‌ನ ಕೈಗುಂಡಿಯಿಂದ ಟ್ರೇಲರ್‌ನ ಬ್ರೇಕನ್ನು ಮಾತ್ರ ಹಾಕಬೇಕು. ಹಿಂದಿನಿಂದ ಎಳೆದ ಹಗ್ಗದಂತೆ ಎರಡೂ ಒಂದೇ ಸಾಲಿಗೆ ಬರುತ್ತವೆ. ಆ ಗುಂಡಿ ಎಲ್ಲಿದೆಯೆಂದು ಕತ್ತಲಲ್ಲೂ ಕೈಗೆ ತಿಳಿದಿರಬೇಕು.

ಟೈರಿನ ವಯಸ್ಸು

ಟೈರಿನ ಪಾರ್ಶ್ವದಲ್ಲಿರುವ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಅದರ ಜನ್ಮಕುಂಡಲಿ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಮೇಲ್ಮೈಯ ಗೆರೆಗಳು ಹೊಸದರಂತೆ ಆಳವಾಗಿದ್ದರೂ ರಬ್ಬರ್ ಒಳಗೇ ಮುದಿಯಾಗಿರುತ್ತದೆ. ವರ್ಷಕ್ಕೆ ಎರಡು ವಾರ ಓಡಿ ಉಳಿದ ಕಾಲ ಬಿಸಿಲಿನಲ್ಲಿ ನಿಲ್ಲುವ ಟ್ರೇಲರ್‌ನ ಟೈರುಗಳಿಗಂತೂ ಸವೆತಕ್ಕಿಂತ ವಯಸ್ಸೇ ವೈರಿ.

ಭಾರ, ಬಿಸಿ, ಕಡಿಮೆ ಗಾಳಿ ಮೂರೂ ಕೂಡಿದರೆ ಏನಾಗುತ್ತದೆಂಬುದನ್ನು ಅಮೆರಿಕ 2000ನೇ ಇಸವಿಯಲ್ಲಿ ಕಂಡಿತು. ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗಳ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುವಾಗಲೇ ಕಿತ್ತುಬಂದು ವಾಹನಗಳು ಉರುಳಿದವು. 200ಕ್ಕೂ ಹೆಚ್ಚು ಮಂದಿ ಸತ್ತರು. ಆ ವರ್ಷದ ಆಗಸ್ಟ್‌ನಲ್ಲಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಲಾಯಿತು. ಎಕ್ಸ್‌ಪ್ಲೋರರ್‌ಗೆ ಫೋರ್ಡ್ ಸೂಚಿಸಿದ್ದ 26 ಪಿಎಸ್‌ಐ ಗಾಳಿಯ ಒತ್ತಡ ತೀರಾ ಕಡಿಮೆಯಾಯಿತೇ ಎಂಬ ಬಗ್ಗೆ ಎರಡು ಕಂಪನಿಗಳು ಪರಸ್ಪರ ದೂರಿಕೊಂಡವು. ಇದರ ಫಲವಾಗಿಯೇ ಅದೇ ವರ್ಷ ಹೊಸ ಕಾನೂನು ಜಾರಿಗೆ ಬಂದು, ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಸುವ ದೀಪ 2008ರ ಮಾದರಿಗಳ ಹೊತ್ತಿಗೆ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಎಸ್‌ಯುವಿ ಕೊಂಡವರ ಬಳಿ ಆ ದೀಪ ಇಲ್ಲದಿರಬಹುದು. ಟ್ರೇಲರ್‌ನಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಹತ್ತು ಡಾಲರ್‌ನ ಗಾಳಿಮಾಪಕವೇ ಗತಿ. ಅಳೆಯಬೇಕಾದುದು ಬೆಳಗ್ಗೆ, ಟೈರು ತಣ್ಣಗಿರುವಾಗ.

ಟ್ರೇಲರ್ ಟೈರುಗಳಲ್ಲಿ ಹಲವಕ್ಕೆ ಗಂಟೆಗೆ 65 ಮೈಲಿಯೇ ಗರಿಷ್ಠ ವೇಗ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55 ಮೈಲಿ. ಅವಸರದವರಿಗೆ ಈ ಪ್ರವಾಸ ಸಲ್ಲದು.

ಮೊದಲ ಪ್ರಯಾಣಕ್ಕೆ ಮುನ್ನ

ವಾಹನದ ಬೆಲೆಯ ಜತೆಗೆ ಅದರ ಮೂರನೇ ಒಂದು ಭಾಗದಷ್ಟನ್ನಾದರೂ ದುರಸ್ತಿಗೆ ತೆಗೆದಿರಿಸದೆ ಕೊಳ್ಳುವುದು ಜಾಣತನವಲ್ಲ. ಖರ್ಚಿನ ಕ್ರಮವೂ ಮುಖ್ಯ. ಬ್ರೇಕ್ ಮತ್ತು ಅದರ ನಳಿಕೆ ಮೊದಲು, ಟೈರು ಆಮೇಲೆ, ಅನಂತರ ತಣಿವಿನ ವ್ಯವಸ್ಥೆ ಹಾಗೂ ಗೇರ್‌ಬಾಕ್ಸ್ ತೈಲ. ಹಿಂಬದಿಯ ಡಿಫರೆನ್ಷಿಯಲ್‌ನ ತೈಲವನ್ನು ಎಲ್ಲರೂ ಮರೆಯುತ್ತಾರೆ, ಅದನ್ನೂ ಬದಲಿಸಬೇಕು. ಸೀಟಿನ ಹೊದಿಕೆ, ಸಂಗೀತದ ಪೆಟ್ಟಿಗೆಗಳ ಸರದಿ ಕೊನೆಗೆ. ಟ್ರೇಲರ್‌ನ ಚಕ್ರಗಳ ಬೇರಿಂಗ್‌ಗಳಿಗೆ ವರ್ಷಕ್ಕೊಮ್ಮೆ ಹೊಸ ಗ್ರೀಸ್ ತುಂಬಿಸಬೇಕು. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಾಕಿಕೊಳ್ಳುವಂತೆ ಮೂಕಿಯ ಬಳಿ ಒಂದು ಪಿನ್ನು, ತಂತಿ ಇರುತ್ತದೆ. ಪಿನ್ನನ್ನು ಕೈಯಿಂದ ಎಳೆದು, ಚಕ್ರಗಳು ಬಿಗಿಯುತ್ತವೆಯೇ ಎಂದು ನೋಡಬೇಕು. ಟ್ರೇಲರ್‌ನ ಬ್ಯಾಟರಿ ಸತ್ತಿದ್ದರೆ ಆ ಪಿನ್ನು ಅಲಂಕಾರಕ್ಕೆ ಮಾತ್ರ.

ಹೆದ್ದಾರಿ ಬದಿಯ ಲಾರಿ ತಂಗುದಾಣಗಳಲ್ಲಿ ಆ್ಯಕ್ಸಲ್‌ವಾರು ತೂಕ ಹೇಳುವ ಯಂತ್ರಗಳಿರುತ್ತವೆ. ನೀರು, ಸಾಮಾನು, ಕುಟುಂಬ ಎಲ್ಲವನ್ನೂ ತುಂಬಿಕೊಂಡು ಟ್ರೇಲರ್ ಸಹಿತ ಒಮ್ಮೆ, ಟ್ರೇಲರ್ ಬಿಚ್ಚಿಟ್ಟು ಇನ್ನೊಮ್ಮೆ ತೂಗಿಸಿದರೆ ಮೇಲಿನ ಲೆಕ್ಕಗಳೆಲ್ಲ ಅಂದಾಜಿನಿಂದ ವಾಸ್ತವಕ್ಕೆ ಬರುತ್ತವೆ. ಹಿಂದಿನ ಆ್ಯಕ್ಸಲ್‌ನ ತೂಕ ಬಾಗಿಲ ಬಳಿಯ ಚೀಟಿಯ ಮಿತಿಯನ್ನು ಮೀರಿದ್ದರೆ ಸಾಮಾನು ಇಳಿಸಬೇಕು, ನೀರನ್ನು ತಂಗುದಾಣ ತಲಪಿದ ಮೇಲೆ ತುಂಬಿಸಿಕೊಳ್ಳಬೇಕು, ಇಲ್ಲವೇ ಚಿಕ್ಕ ಟ್ರೇಲರ್ ನೋಡಬೇಕು.

ಮೊದಲ ಸವಾರಿ ಮನೆಯಿಂದ ಎಂಬತ್ತು ಕಿಲೊಮೀಟರ್ ದೂರದ ಒಂದು ರಾತ್ರಿಯದಾಗಿರಲಿ. ಅರ್ಧ ದಾರಿಯಲ್ಲಿ ನಿಲ್ಲಿಸಿ ಪ್ರತಿ ಚಕ್ರದ ನಡುಭಾಗದ ಬಳಿ ಕೈ ಹಿಡಿದು ನೋಡಬೇಕು. ಐದು ಬೆಚ್ಚಗಿದ್ದು ಆರನೆಯದು ಸುಡುತ್ತಿದ್ದರೆ ಅಲ್ಲಿ ಬೇರಿಂಗ್ ಒಣಗಿದೆ, ಅಥವಾ ಬ್ರೇಕ್ ಕಚ್ಚಿಕೊಂಡಿದೆ. ಇದು ಊರ ಹತ್ತಿರವೇ ತಿಳಿದರೆ ಟೋಯಿಂಗ್ ಲಾರಿ ಒಂದು ಗಂಟೆಯಲ್ಲಿ ಬರುತ್ತದೆ. ನೆವಾಡಾದ ಮರುಭೂಮಿಯ ನಡುವೆ, ವೃದ್ಧ ತಂದೆತಾಯಿಯರನ್ನು ಕೂರಿಸಿಕೊಂಡಿರುವಾಗ ತಿಳಿದರೆ ಮೊಬೈಲ್‌ಗೆ ಸಿಗ್ನಲ್ ಕೂಡ ಇರಲಿಕ್ಕಿಲ್ಲ.